'ಟೂ ವರ್ಡ್ಸ್' ಅಂದರೆ ಯಾಕೆ ನಗುತ್ತಾರೆ?

ಪ್ರಶ್ನೆ: ಆಫೀಸಿನಲ್ಲಿ ಹಿರಿಯರೊಬ್ಬರ ಬೀಳ್ಕೊಡುಗೆ ಇತ್ತು. ಮೈಕ್ ನನ್ನ ಕೈಗೆ ಬಂದಾಗ 'ಐ ವಾಂಟ್ ಟು ಟೆಲ್ ಟೂ ವರ್ಡ್ಸ್' ಎಂದು ಶುರು ಮಾಡಿದೆ. ಒಂದಿಬ್ಬರು ನಕ್ಕರು. ತಪ್ಪೇನಿತ್ತು?

ಉತ್ತರ: ನೀವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದಿರಿ, ಅಷ್ಟೇ. 'ಎರಡು ಮಾತು ಆಡುತ್ತೇನೆ' ಅನ್ನುವುದು ನಮ್ಮ ಸಭೆಗಳ ಮರ್ಯಾದೆಯ ಶುರು. ಆ ಎರಡು ಮಾತು ಅರ್ಧ ಗಂಟೆ ಎಳೆದರೂ ಯಾರೂ ಎಣಿಸುವುದಿಲ್ಲ. ಊಟದ ಹೊತ್ತಾಗಿದ್ದರೆ ಗಡಿಯಾರ ನೋಡಬಹುದು! ಇಂಗ್ಲಿಷಿನಲ್ಲಿ 'ಟೂ ವರ್ಡ್ಸ್' ಅಂದರೆ ಸಾಮಾನ್ಯವಾಗಿ ಲೆಕ್ಕದ ಎರಡೇ ಪದ. 'ಗುಡ್ ಲಕ್', ಇಲ್ಲವೇ ಸಿಟ್ಟು ಬಂದಿದ್ದರೆ 'ಗೆಟ್ ಔಟ್'. ಕೇಳಿದವರು ಆ ಎರಡು ಪದಕ್ಕೆ ಕಾಯುತ್ತಾರೆ.

'ಟೆಲ್' ಕೂಡ ಇಲ್ಲಿ ಹೊಂದುವುದಿಲ್ಲ. ಅದರ ಬೆನ್ನಿಗೆ ಸಾಮಾನ್ಯವಾಗಿ 'ಯಾರಿಗೆ' ಅನ್ನುವುದು ಬರಬೇಕು: 'ಟೆಲ್ ಮಿ', 'ಟೆಲ್ ಹಿಮ್'. 'ವರ್ಡ್ಸ್' ಜೊತೆ ಬರುವುದು 'ಸೇ'. ಹಾಗಾಗಿ 'ಐ ವುಡ್ ಲೈಕ್ ಟು ಸೇ ಎ ಫ್ಯೂ ವರ್ಡ್ಸ್' ಅನ್ನಿ.

ಆ ಪುಟ್ಟ 'ಎ' ಬಿಡಬೇಡಿ. ನಮ್ಮಲ್ಲಿ ಜಾಸ್ತಿ ಜನ ಬಿಡುವುದು ಅದನ್ನೇ, ಕನ್ನಡದಲ್ಲಿ ಅಂಥದ್ದೊಂದು ಇಲ್ಲವಲ್ಲ. 'ಎ ಫ್ಯೂ' ಅಂದರೆ ಒಂದಷ್ಟು ಇದೆ ಎಂದು. ಬರೀ 'ಫ್ಯೂ' ಅಂದರೆ ಇರುವುದೇ ಕಡಿಮೆ ಎಂದು. 'ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್' ಅಂದವರಿಗೆ ನಾಲ್ಕಾರು ಗೆಳೆಯರಿದ್ದಾರೆ. 'ಐ ಹ್ಯಾವ್ ಫ್ಯೂ ಫ್ರೆಂಡ್ಸ್' ಅಂದವರನ್ನು ಕಂಡರೆ ಅಯ್ಯೋ ಪಾಪ ಅನಿಸುತ್ತದೆ. 'ಎ ಮ್ಯಾನ್ ಆಫ್ ಫ್ಯೂ ವರ್ಡ್ಸ್' ಅಂದರೆ ಬಾಯಿ ಬಿಡುವುದೇ ಅಪರೂಪ ಅನ್ನುವಂಥ ಮನುಷ್ಯ. ಅಂಥವರಿಗೆ ಮೈಕ್ ಯಾರು ಕೊಡುತ್ತಾರೆ, ಅಲ್ವಾ?

ಈ 'ಎ ಫ್ಯೂ' ಅನ್ನು ನಿಜವಾಗಿ ಪಾಲಿಸಿದವರೂ ಇದ್ದಾರೆ. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಗೆಟಿಸ್‌ಬರ್ಗ್‌ನಲ್ಲಿ ಮಡಿದ ಸೈನಿಕರ ಸ್ಮಶಾನವನ್ನು ಅರ್ಪಿಸುವ ಸಮಾರಂಭವಿತ್ತು. ಅಧ್ಯಕ್ಷ ಲಿಂಕನ್‌ಗೆ ಹೋದ ಪತ್ರದಲ್ಲಿ ಕೇಳಿದ್ದು 'ಎ ಫ್ಯೂ ಅಪ್ರೋಪ್ರಿಯೇಟ್ ರಿಮಾರ್ಕ್ಸ್', ಅಂದರೆ ಸಂದರ್ಭಕ್ಕೆ ತಕ್ಕ ನಾಲ್ಕು ಮಾತು. (ರಿಮಾರ್ಕ್ಸ್ ಅಂದರೆ ನಮಗೆ ಮಾರ್ಕ್ಸ್ ಕಾರ್ಡಿನ ಕೊನೆಯ ಕಾಲಂ ನೆನಪಾಗುತ್ತದೆ. ಇಲ್ಲಿ ಅದು ಚುಟುಕು ಭಾಷಣ.) ಮುಖ್ಯ ಭಾಷಣಕಾರ ಎಡ್ವರ್ಡ್ ಎವೆರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಲಿಂಕನ್ ಸುಮಾರು 270 ಪದಗಳಲ್ಲಿ ಮುಗಿಸಿದರು. ನೀವು ಎರಡು ನಿಮಿಷದಲ್ಲಿ ಹೇಳಿದ್ದರ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಾಕಿತ್ತು ಎಂಬ ಅರ್ಥದಲ್ಲಿ ಎವೆರೆಟ್ ಮರುದಿನವೇ ಲಿಂಕನ್‌ಗೆ ಬರೆದರು.

ಒಂದು ಎಚ್ಚರಿಕೆ. ಬಾಸ್ ಬಂದು 'ಕೆನ್ ಐ ಹ್ಯಾವ್ ಎ ವರ್ಡ್ ವಿತ್ ಯೂ?' ಅಂದರೆ ಭಾಷಣಕ್ಕೆ ಕರೆದದ್ದಲ್ಲ, ನಿಮ್ಮೊಬ್ಬರ ಹತ್ತಿರವೇ ಏನೋ ಹೇಳುವುದಿದೆ. 'ದೇ ಹ್ಯಾಡ್ ವರ್ಡ್ಸ್' ಅಂದರಂತೂ ಮಾತಿಗೆ ಮಾತು ಬೆಳೆದು ಜಗಳವಾಯಿತು ಎಂದೇ ಅರ್ಥ.

ಅಂದಹಾಗೆ, ನಿಮ್ಮ 'ಎರಡು' ನಿಮಗೆ ಅಷ್ಟು ಇಷ್ಟವಾಗಿದ್ದರೆ ಅದನ್ನು ಬಿಡಲೇಬೇಕಿಲ್ಲ. ಮುಂದಿನ ಸಲ 'ಎ ವರ್ಡ್ ಆರ್ ಟೂ' ಅನ್ನಿ. ನಮ್ಮ 'ಒಂದೆರಡು ಮಾತು' ಹೇಗೋ ಇದೂ ಹಾಗೆಯೇ, ಯಾರೂ ಎಣಿಸುವುದಿಲ್ಲ.