ಅತಿಕ್ರಮ ಪ್ರವೇಶ: ಬೇಟೆಗೆಂದು ಹೊಲಕ್ಕೆ ಇಳಿದವರಿಗೂ ಇದು ಅನ್ವಯ

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಕಡೆ ಕಡಲೆ ಹೊಲದಲ್ಲಿ ರಾತ್ರಿ ಟಾರ್ಚ್ ಬೆಳಕು ಅತ್ತಿತ್ತ ಓಡಾಡಿದರೆ, ಮೊಲದ ಬೇಟೆಗೆ ಯಾರೋ ಬಂದಿದ್ದಾರೆ ಅಂತ ಊರಿಗೇ ಗೊತ್ತಾಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಕಡಲೆ ಸಾಲು ತುಳಿತಕ್ಕೆ ಸಿಕ್ಕು ನೆಲಕ್ಕೆ ಒರಗಿರುತ್ತದೆ. ಬದುವಿನ ಮುಳ್ಳುಕಂಟಿಯಲ್ಲಿ ಮೊಲ ನುಸುಳುವ ಸಂದಿಗೆ ಸರಿಯಾಗಿ, ನೆಲದಿಂದ ಒಂದು ಗೇಣು ಮೇಲೆ, ಬೈಕಿನ ಕ್ಲಚ್ ವೈರಿನ ಉರುಳು. ಕೇಳಿದರೆ ಸಿಗುವ ಉತ್ತರ: "ಹೊಲಕ್ಕ ಬೇಲಿ ಐತೇನ್ರೀ? ನಿಮ್ಮ ಬೆಳಿಗೆ ನಾವು ಕೈ ಹಚ್ಚಿಲ್ಲಲ್ರೀ." ಈ ಮಾತಿಗೆ ಎಷ್ಟೋ ರೈತರು ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಕಾದ ಕಾರಣವೇ ಇಲ್ಲ.

ಪೊಲೀಸ್ ದೂರಿನಲ್ಲಿ ಇದಕ್ಕೆ ಬರೆಯುವ ಮಾತು 'ಅತಿಕ್ರಮ ಪ್ರವೇಶ'. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಇದರ ವಿವರಣೆ ಇದೆ. 2024ರ ಜುಲೈ 1ಕ್ಕೆ ಮೊದಲು ಇದೇ ವಿಷಯ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 441 ಮತ್ತು 447ನೇ ಕಲಮುಗಳಲ್ಲಿತ್ತು. ಬೇರೆಯವರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಕೊಡುವ ಉದ್ದೇಶದಿಂದ ಕಾಲಿಡುವುದು ಅತಿಕ್ರಮ ಪ್ರವೇಶ. ಒಪ್ಪಿಗೆ ಪಡೆದೇ ಒಳಗೆ ಬಂದು, ಆಮೇಲೆ ಇಂಥ ಉದ್ದೇಶದಿಂದ ಹೊರಗೆ ಹೋಗದೆ ಉಳಿದರೂ ಅದೇ. ಶಿಕ್ಷೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಲ್ಲಿ ಬೇಲಿ, ಬೋರ್ಡಿನ ಮಾತೇ ಬರುವುದಿಲ್ಲ, ಗಮನಿಸಿದಿರಾ? ತೂಕ ಇರುವುದು ಉದ್ದೇಶಕ್ಕೆ. ಎಮ್ಮೆ ಹುಡುಕುತ್ತಾ ನಿಮ್ಮ ಬದು ದಾಟಿದವನು ಅಪರಾಧಿಯಲ್ಲ. ಬೇಟೆಗೆ ಬಂದವನ ಕಥೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ ಅಪರಾಧ. ಅಂದಮೇಲೆ ಅವನ ಉದ್ದೇಶ ಏನು ಅಂತ ಹುಡುಕುವ ಕಷ್ಟ ಇಲ್ಲ. ಕೈಯಲ್ಲಿರುವ ಬಲೆ, ಬಂದೂಕೇ ಅದನ್ನು ಹೇಳುತ್ತವೆ.

ನಮ್ಮ ಭಾಗದಲ್ಲಿ ನಾಯಿ ಬಿಟ್ಟು ಮೊಲ ಹಿಡಿಯುವುದು ಹಳೆಯ ರೂಢಿ. ಮುಧೋಳ ನಾಯಿಗೆ ಹೆಸರು ಬಂದದ್ದೇ ಆ ಓಟದಿಂದ. ಅದಕ್ಕೇ "ನಾವು ಗುಂಡು ಹಾರಿಸಿಲ್ಲ, ನಾಯಿ ಓಡಿಸಿದ್ವಿ ಅಷ್ಟೇ" ಅನ್ನುವವರು ಜಾಸ್ತಿ. ಆದರೆ ಕಾಯ್ದೆಯ ಪ್ರಕಾರ ಕೊಂದರೆ ಮಾತ್ರ ಬೇಟೆ ಅಲ್ಲ. ನಾಯಿ ಬಿಟ್ಟು ಅಟ್ಟುವುದು, ಉರುಳು ಒಡ್ಡುವುದು, ಬಲೆ ಹಾಕುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಏನೂ ಸಿಗದೆ ಬರಿಗೈಲಿ ವಾಪಸ್ ಹೋದರೂ ಪ್ರಯತ್ನವೇ ಸಾಕು. ಚಿಗರಿ (ಕೃಷ್ಣಮೃಗ), ಚಿಂಕಾರಾ, ನವಿಲು, ಉಡ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಅವುಗಳ ಬೇಟೆಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಯಡಹಳ್ಳಿಯ ಚಿಂಕಾರಾ ವನ್ಯಧಾಮ ಇರುವುದು ಇದೇ ಮುಧೋಳ, ಬೀಳಗಿ ಸೀಮೆಯಲ್ಲಿ. ಅಲ್ಲಿಂದ ಮೇಯುತ್ತಾ ಹೊಲಕ್ಕೆ ಬರುವ ಪ್ರಾಣಿಗೆ ವನ್ಯಧಾಮದ ಗಡಿ ಎಲ್ಲಿ ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ಅದು ಹೊಲದಲ್ಲಿದ್ದರೂ ಕಾಯ್ದೆಯ ರಕ್ಷಣೆ ಅಷ್ಟೇ ಇರುತ್ತದೆ.

ಇದೇ ಕಾರಣಕ್ಕೆ ಹೊಲದ ಮಾಲೀಕ ಕೂಡ ಬೇಟೆಗೆ ಒಪ್ಪಿಗೆ ಕೊಡಲು ಬರುವುದಿಲ್ಲ. "ಗೌಡ್ರು ಹೂಂ ಅಂದಾರ" ಅಂದರೆ ಅತಿಕ್ರಮ ಪ್ರವೇಶದ ಆರೋಪ ಬಿದ್ದುಹೋಗಬಹುದು. ಬೇಟೆಯ ಅಪರಾಧ ಹಾಗೇ ಉಳಿಯುತ್ತದೆ, ಹೂಂ ಅಂದವರೂ ಸಿಕ್ಕಿಬೀಳಬಹುದು. ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಹರಿಸುವುದು, ಸಿಡಿಮದ್ದು ಇಡುವುದು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಬೆಳೆ ಕಾಯಲು ಅಂತ ಪಡೆದ ಬಂದೂಕಿನ ಲೈಸೆನ್ಸ್ ಬೇಟೆಗೆ ಪರವಾನಗಿ ಅಲ್ಲ.

ಇನ್ನೊಂದು ಮಾತು, ಇದು ತುಂಬಾ ಜನರಿಗೆ ಗೊತ್ತಿಲ್ಲ. ಕಲಮು ಕಾಯುವುದು ಸ್ವಾಧೀನವನ್ನು. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಯಾರದ್ದೇ ಇರಲಿ, ಲಾವಣಿಗೆ (ಗೇಣಿಗೆ) ಅಥವಾ ಪಾಲಿಗೆ ಹೊಲ ಮಾಡುತ್ತಿರುವವರು ತಾವೇ ದೂರು ಕೊಡಬಹುದು. ಮಾಲೀಕರು ಬೆಳಗಾವಿಯಲ್ಲೋ ಪುಣೆಯಲ್ಲೋ ಇದ್ದಾರೆ ಅಂತ ಕಾಯುತ್ತಾ ಕೂರಬೇಕಿಲ್ಲ.

ರಾತ್ರಿ ಬಂದೂಕು ಹಿಡಿದವರ ಎದುರು ಒಬ್ಬರೇ ಹೋಗಿ ನಿಲ್ಲಬೇಡಿ. ದಯವಿಟ್ಟು. ಅವರ ಮೇಲೆ ಕೈ ಮಾಡಿದರೆ ಕೇಸು ನಿಮ್ಮ ಮೇಲೇ ತಿರುಗಬಹುದು, ಅದಕ್ಕಿಂತ ಮೊದಲು ಜೀವ ಮುಖ್ಯ ಅಲ್ವಾ. ದೂರದಿಂದಲೇ ಗಾಡಿ ನಂಬರ್ ಬರೆದುಕೊಳ್ಳಿ, 112ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯ ವಲಯ ಕಚೇರಿಗೂ ತಿಳಿಸಿ. ಅತಿಕ್ರಮ ಪ್ರವೇಶಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಅದನ್ನು ನೀವು ಬೇಕಾದರೆ ರಾಜಿ ಮಾಡಿಕೊಳ್ಳಬಹುದು. ಬೇಟೆಯ ಪ್ರಕರಣವನ್ನು ಮಾತ್ರ ಊರ ಹಿರಿಯರು ಕೂತು ಬಗೆಹರಿಸಲು ಬರುವುದಿಲ್ಲ. ದೂರಿನಲ್ಲಿ ಸರ್ವೆ ನಂಬರ್, ಹೊತ್ತು, ಬಂದವರ ಕೈಯಲ್ಲಿ ಏನಿತ್ತು ಅನ್ನುವುದನ್ನು ಬರೆಯಿರಿ. ಉರುಳು ಕಂಡರೆ ಸಿಟ್ಟಿಗೆ ಕಿತ್ತೆಸೆಯಬೇಡಿ. ಅದರಲ್ಲಿ ಪ್ರಾಣಿ ಸಿಕ್ಕಿಕೊಂಡಿಲ್ಲದಿದ್ದರೆ ಫೋಟೋ ತೆಗೆದು, ಸಿಬ್ಬಂದಿ ಬಂದು ಪಂಚನಾಮೆ ಮಾಡುವವರೆಗೆ ಅಲ್ಲೇ ಬಿಡಿ.