ಗಿಟಾರ್ ಫ್ರೆಟ್‌ಬೋರ್ಡಿನ ಸ್ವರಗಳು: ಆನ್‌ಲೈನ್ ಅಭ್ಯಾಸ ಸಾಧನಗಳನ್ನು ಬಳಸುವ ಬಗೆ

ಮ್ಯೂಸಿಕ್‌ಥಿಯರಿ.ನೆಟ್ ಜಾಲತಾಣದ ಫ್ರೆಟ್‌ಬೋರ್ಡ್ (ತಂತಿಗಳ ಕೆಳಗಿರುವ, ಫ್ರೆಟ್ ಎಂಬ ಅಡ್ಡಪಟ್ಟಿಗಳುಳ್ಳ ಗಿಟಾರಿನ ಕತ್ತಿನ ಹಲಗೆ) ಅಭ್ಯಾಸದಲ್ಲಿ ಪರದೆಯ ಮೇಲಿನ ಚಿತ್ರದಲ್ಲಿ ಒಂದು ಜಾಗವನ್ನು ಗುರುತಿಸಿ ತೋರಿಸಲಾಗುತ್ತದೆ. ಅಲ್ಲಿ ನುಡಿಯುವ ಸ್ವರ ಯಾವುದೆಂದು ನಾವು ಉತ್ತರಿಸಬೇಕು. ಇದೇ ಬಗೆಯ ಆ್ಯಪ್‌ಗಳೂ ಹಲವಿವೆ. ಇವು ನಿಜಕ್ಕೂ ಉಪಯುಕ್ತ, ಆದರೆ ಸಾಧನವು ಜಾಗ ತೋರಿಸಿ ಹೆಸರು ಕೇಳುತ್ತದೆ, ನುಡಿಸುವಾಗ ನಮಗೆ ಬೇಕಾಗುವುದು ಹೆಸರಿನಿಂದ ಜಾಗಕ್ಕೆ ಹೋಗುವ ದಾರಿ. ಆದ್ದರಿಂದ ಪರದೆಯಲ್ಲಿ ಸರಿಯುತ್ತರ ಕೊಟ್ಟ ಕೂಡಲೇ ಅದೇ ಸ್ವರವನ್ನು ಕೈಯಲ್ಲಿರುವ ಗಿಟಾರಿನ ಬೇರೊಂದು ತಂತಿಯಲ್ಲಿ ಹುಡುಕಿ, ಅದರ ಹೆಸರನ್ನು ಗಟ್ಟಿಯಾಗಿ ಹೇಳುತ್ತಾ ಮೀಟಬೇಕು.

ಆರೂ ತಂತಿಗಳನ್ನು ಒಟ್ಟಿಗೆ ಅಭ್ಯಾಸಕ್ಕೆ ತೆಗೆದುಕೊಂಡರೆ ಉತ್ತರಗಳು ಬರೀ ಊಹೆಯಾಗಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದ್ದರೆ ಮೊದಲು ಆರನೆಯ (ಅತಿ ದಪ್ಪನೆಯ) ಮತ್ತು ಐದನೆಯ ತಂತಿಗಳನ್ನು ಮಾತ್ರ ಉಳಿಸಿಕೊಂಡು, ಶಾರ್ಪ್ ಮತ್ತು ಫ್ಲ್ಯಾಟ್‌ಗಳನ್ನು (ಮೂಲ ಹೆಸರಿನ ಸ್ವರಕ್ಕಿಂತ ಒಂದು ಫ್ರೆಟ್ ಏರಿದ ಅಥವಾ ಇಳಿದ ಸ್ವರಗಳನ್ನು) ಬಿಡುವುದು ಒಳ್ಳೆಯದು. ಸಾಮಾನ್ಯವಾಗಿ ಬಳಸುವ ಬಾರೆ ಕಾರ್ಡ್‌ಗಳ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತಿ ನುಡಿಸುವ ಸ್ವರಗುಚ್ಛಗಳ) ಮೂಲಸ್ವರ ಈ ಎರಡು ತಂತಿಗಳಲ್ಲೇ ಇರುವುದರಿಂದ ಕಲಿತದ್ದು ಕೂಡಲೇ ಕೆಲಸಕ್ಕೆ ಬರುತ್ತದೆ. ಮೊದಲನೆಯ ತಂತಿಯೂ ಆರನೆಯದರಂತೆ ಇ (ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರಗಳಿಗೆ ಎ ಇಂದ ಜಿ ವರೆಗಿನ ಇಂಗ್ಲಿಷ್ ಅಕ್ಷರಗಳೇ ಹೆಸರು) ಆಗಿರುವುದರಿಂದ ಅದರ ಹೆಸರುಗಳನ್ನು ಬೇರೆಯಾಗಿ ಕಲಿಯಬೇಕಿಲ್ಲ. ಬಿ ಮತ್ತು ಸಿ ನಡುವೆ, ಇ ಮತ್ತು ಎಫ್ ನಡುವೆ ಒಂದೇ ಫ್ರೆಟ್ ಅಂತರ, ಉಳಿದ ಪಕ್ಕದ ಸ್ವರಗಳ ನಡುವೆ ಎರಡು. ಕರ್ನಾಟಕ ಸಂಗೀತ ಕಲಿತವರು ಇಲ್ಲೊಂದು ವಿಷಯವನ್ನು ಗಮನಿಸಬೇಕು: ಅಲ್ಲಿ ಷಡ್ಜವು ಹಾಡುವವರ ಶ್ರುತಿಯನ್ನು ಅನುಸರಿಸುತ್ತದೆ, ಇಲ್ಲಿ ಹೆಸರುಗಳು ನಿಗದಿತ ಶ್ರುತಿಗೆ ಸೇರಿದವು, ಆದ್ದರಿಂದ ಸಿ ಎಂದರೆ ಸ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದೆ ತೊಡಕಾಗುತ್ತದೆ.

ಬಿಟ್ಟ ತಂತಿಯಿಂದ (ಬೆರಳೊತ್ತದೆ ಮೀಟುವ ತಂತಿಯಿಂದ) ಒಂದೊಂದೇ ಫ್ರೆಟ್ ಎಣಿಸುತ್ತಾ ಉತ್ತರ ಕೊಡುವುದು ಬಹಳ ಮಂದಿಗೆ ಅಂಟುವ ಅಭ್ಯಾಸ. ಅಂಕ ಪೂರ್ತಿ ಬರುತ್ತದೆ, ವೇಗ ಮಾತ್ರ ಬರುವುದಿಲ್ಲ. ಇದಕ್ಕೆ ಕೆಲವು ಫ್ರೆಟ್‌ಗಳನ್ನು ಆಧಾರವಾಗಿ ಹಿಡಿಯಬೇಕು. ಸಾಮಾನ್ಯ ಶ್ರುತಿಯಲ್ಲಿ ಆರನೆಯ ತಂತಿಯಿಂದ ಮೊದಲನೆಯದರವರೆಗೆ ಬಿಟ್ಟ ತಂತಿಗಳು ಇ, ಎ, ಡಿ, ಜಿ, ಬಿ, ಇ. 5ನೇ ಫ್ರೆಟ್‌ನಲ್ಲಿ ಇದೇ ಕ್ರಮದಲ್ಲಿ ಎ, ಡಿ, ಜಿ, ಸಿ, ಇ, ಎ. 10ನೇ ಫ್ರೆಟ್‌ನಲ್ಲಿ ಡಿ, ಜಿ, ಸಿ, ಎಫ್, ಎ, ಡಿ. ಈ ಎರಡೂ ಫ್ರೆಟ್‌ಗಳಲ್ಲಿ ಒಂದೂ ಶಾರ್ಪ್ ಇಲ್ಲ. 12ನೇ ಫ್ರೆಟ್‌ನಲ್ಲಿ ಬಿಟ್ಟ ತಂತಿಗಳ ಹೆಸರುಗಳೇ ಒಂದು ಸ್ಥಾಯಿ ಮೇಲೆ ಮರಳಿ ಬರುತ್ತವೆ. ನಾಲ್ಕನೆಯ ತಂತಿಯ 9ನೇ ಫ್ರೆಟ್ ಕೇಳಿದಾಗ ಡಿ ಇಂದ ಎಣಿಸುವ ಬದಲು, 10ರಲ್ಲಿ ಸಿ ಇದೆ, ಅದಕ್ಕಿಂತ ಒಂದು ಫ್ರೆಟ್ ಕೆಳಗೆ ಬಿ ಎಂದು ಹೇಳುವುದು ಎಷ್ಟೋ ಸುಲಭ.

ಪಕ್ಕಪಕ್ಕದ ತಂತಿಗಳ ಅಂತರ ಐದು ಫ್ರೆಟ್‌ಗಳಷ್ಟು, ಜಿ ಮತ್ತು ಬಿ ನಡುವೆ ಮಾತ್ರ ನಾಲ್ಕು. ಈ ಕಾರಣದಿಂದ ಆರನೆಯ ಅಥವಾ ಐದನೆಯ ತಂತಿಯ ಸ್ವರದ ಮೇಲಿನ ಸ್ಥಾಯಿ ನಡುವಿನ ಒಂದು ತಂತಿ ದಾಟಿ ಅದರಾಚೆಯ ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಸಿಗುತ್ತದೆ. ನಾಲ್ಕನೆಯ ಅಥವಾ ಮೂರನೆಯದರಿಂದ ಹೊರಟರೆ ಮೂರು ಫ್ರೆಟ್ ಮುಂದೆ. ಮಧ್ಯದ ತಂತಿಗಳನ್ನು ಅಭ್ಯಾಸಕ್ಕೆ ಸೇರಿಸುವ ಹೊತ್ತಿಗೆ ಈ ಎರಡು ಆಕಾರಗಳು ಬೆರಳಿಗೆ ರೂಢಿಯಾಗಿರಬೇಕು.

ಮೈಕಿನ ಮೂಲಕ ಕೇಳಿಸಿಕೊಂಡು ಸರಿತಪ್ಪು ಹೇಳುವ ಆ್ಯಪ್‌ಗಳನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಮೊದಲನೆಯ ತಂತಿಯನ್ನು ಬೆರಳೊತ್ತದೆ ಮೀಟಿದಾಗ ಬರುವ ಸುಮಾರು 330 ಹರ್ಟ್ಸ್‌ನ ಇ ಸ್ವರವೇ ಎರಡನೆಯ ತಂತಿಯ 5, ಮೂರನೆಯದರ 9, ನಾಲ್ಕನೆಯದರ 14, ಐದನೆಯದರ 19ನೇ ಫ್ರೆಟ್‌ಗಳಲ್ಲೂ ಇದೆ. ಶ್ರುತಿಯನ್ನು ಮಾತ್ರ ಅಳೆಯುವ ಆ್ಯಪ್‌ಗೆ ಈ ಐದೂ ಒಂದೇ. ಮೂರನೆಯ ತಂತಿಯಲ್ಲಿ ಇ ಹುಡುಕು ಎಂದಾಗ ಮೊದಲನೆಯದನ್ನು ಮೀಟಿದರೂ ಅದು ಸರಿ ಎನ್ನಬಹುದು. ಬೆರಳು ಕೇಳಿದ ತಂತಿಯ ಮೇಲೆಯೇ ಇದೆಯೇ ಎಂದು ನಾವೇ ಕಣ್ಣಿಟ್ಟು ನೋಡಿಕೊಳ್ಳಬೇಕು.