ರಾಬಿನ್ ವಿಲಿಯಮ್ಸ್ ತಯಾರಿಯಿಲ್ಲದೆ ನಗಿಸಿದರೇ?

ಪ್ರಶ್ನೆ: ಅಮೆರಿಕದ ಹಾಸ್ಯನಟ ರಾಬಿನ್ ವಿಲಿಯಮ್ಸ್ ಏನನ್ನೂ ಬರೆದುಕೊಳ್ಳದೆ ವೇದಿಕೆ ಹತ್ತಿ ನಗಿಸುತ್ತಿದ್ದರಂತೆ. ಪ್ರತಿಭೆ ಇದ್ದವರಿಗೆ ಅಭ್ಯಾಸ ಯಾಕೆ ಸರ್?

ಉತ್ತರ: ಬೇಕು, ಅದಕ್ಕೆ. ಮಂಗಳೂರಿನಲ್ಲಿ ಸ್ಟ್ಯಾಂಡ್‌ಅಪ್ ಹಾಸ್ಯ ಮಾಡಲು ಹೊರಟ ಹುಡುಗ ಹುಡುಗಿಯರು ಇದನ್ನು ಕೇಳಿದಾಗಲೆಲ್ಲ ಹೇಳಿ ಸಾಕಾಗಿದೆ. ಇನ್ನು ಕೇಳುವವರಿಗೆ ದಯವಿಟ್ಟು ಈ ಉತ್ತರವನ್ನೇ ಓದಲು ಕೊಡಿ.

1951ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ವಿಲಿಯಮ್ಸ್ 1973ರಲ್ಲಿ ನ್ಯೂಯಾರ್ಕಿನ ಜೂಲಿಯರ್ಡ್ ಶಾಲೆಗೆ ನಾಟಕ ಕಲಿಯಲು ಸೇರಿದರು. ಮುಂದೆ ಸೂಪರ್‌ಮ್ಯಾನ್ ಆದ ಕ್ರಿಸ್ಟೋಫರ್ ರೀವ್ ಅಲ್ಲಿ ಅವರ ಸಹಪಾಠಿ. 1976ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ಇದೊಂದನ್ನು ಹಿಡಿದುಕೊಂಡು ‘ನೋಡಿ, ಓದದೆ ಗೆದ್ದರು’ ಎನ್ನುವವರಿದ್ದಾರೆ. ಮೂರು ವರ್ಷ ದುಡಿಸಿದ ದನಿ, ಪಳಗಿಸಿದ ಮೈ ಎಲ್ಲಿಗೆ ಹೋದವು? ಅದಾದ ಮೇಲೂ ಅವರು ಸಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್‌ಗಳ ಕ್ಲಬ್ಬುಗಳಲ್ಲಿ ಪಳಗಿದರು. 1978ರಲ್ಲಿ ‘ಮಾರ್ಕ್ ಆ್ಯಂಡ್ ಮಿಂಡಿ’ ಧಾರಾವಾಹಿಯ ಅನ್ಯಗ್ರಹವಾಸಿಯಾಗಿ ಮನೆಮಾತಾದದ್ದು ಇಷ್ಟೆಲ್ಲ ಆದ ಮೇಲೆ.

‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಚಿತ್ರದ ರೇಡಿಯೋ ಮಾತುಗಳನ್ನೂ ‘ಅಲಾದ್ದೀನ್’ನ ಜೀನಿಯ ಎಷ್ಟೋ ಮಾತುಗಳನ್ನೂ ಅವರು ಮೈಕಿನ ಮುಂದೆಯೇ ಹುಟ್ಟಿಸಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆಯ ನಾಡಿನಲ್ಲಿ ಹುಟ್ಟಿದವರು ಇಷ್ಟಕ್ಕೇ ಮರುಳಾಗಬಾರದು. ಭಾಗವತರ ಪದ್ಯ ಮುಗಿದ ಮೇಲೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಕೈಯಲ್ಲಿ ಬರೆದ ಮಾತು ಯಾವುದಿದೆ? ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನಿಗೆ ಹಾಕುತ್ತಿದ್ದ ಪ್ರಶ್ನೆಗಳು ಯಾವ ಚೀಟಿಯಲ್ಲೂ ಇರಲಿಲ್ಲ. ಅವುಗಳ ಬೆನ್ನಿಗೆ ಪುರಾಣಗಳ ಓದಿತ್ತು, ಹರಿಕಥೆ ಹೇಳಿದ ಅನುಭವವಿತ್ತು. ಪ್ರಸಂಗವೇ ಗೊತ್ತಿಲ್ಲದವನನ್ನು ಅಲ್ಲಿ ಕೂರಿಸಿದರೆ ಎರಡನೆಯ ಪದ್ಯಕ್ಕೆ ಬಾಯಿ ಕಟ್ಟುತ್ತದೆ. ಆಶುವಾಗಿ ಮಾತಾಡುವವನಿಗೆ ತಯಾರಿ ಹೆಚ್ಚು ಬೇಕು. ಏಕೆಂದರೆ ಯಾವುದು ಯಾವಾಗ ಬೇಕಾದೀತು ಎಂಬುದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. ವಿಲಿಯಮ್ಸ್ ಒಂದು ಉಸಿರಿನಲ್ಲಿ ನಾಲ್ಕು ದನಿ ಬದಲಿಸುತ್ತಿದ್ದರು ಎಂದರೆ ಆ ನಾಲ್ಕೂ ಮೊದಲೇ ಗಂಟಲಿನಲ್ಲಿದ್ದವು.

ಅನುಮಾನವಿದ್ದರೆ ‘ಗುಡ್ ವಿಲ್ ಹಂಟಿಂಗ್’ ನೋಡಿ. 1998ರಲ್ಲಿ ಅವರಿಗೆ ಆಸ್ಕರ್ ತಂದ ಆ ಮನಶ್ಶಾಸ್ತ್ರಜ್ಞನ ಪಾತ್ರದ ಬಲವಿರುವುದು ಎದುರಿನವನ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ. ಇದನ್ನು ಕಂಡ ಮೇಲೆ ಮಾತಿನ ನಡುವೆ ನಿಲ್ಲಲು ಕಲಿತವರನ್ನು ನೋಡಿ ಹೆಮ್ಮೆಪಟ್ಟಿದ್ದೇನೆ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ನಗಿಸುವವರೆಲ್ಲ ಒಳಗೊಳಗೇ ಅಳುತ್ತಿರುತ್ತಾರೆ ಎನ್ನುವುದಕ್ಕೆ ಜನ ಇವರ ಸಾವನ್ನೇ ಸಾಕ್ಷಿಯಾಗಿ ಎಳೆದು ತರುತ್ತಾರೆ. 2011ರಲ್ಲಿ ಬ್ರಾಡ್‌ವೇ ನಾಟಕವೊಂದರಲ್ಲಿ ತಿಂಗಳುಗಟ್ಟಲೆ ನೂರಾರು ಸಾಲುಗಳನ್ನು ತಪ್ಪಿಲ್ಲದೆ ಹೇಳಿದ ಈ ನಟ, 2014ರಲ್ಲಿ ಕೊನೆಯ ಚಿತ್ರಗಳಲ್ಲೊಂದರ ಚಿತ್ರೀಕರಣದಲ್ಲಿ ಸಾಲು ನೆನಪಿಡಲಾರದೆ ತತ್ತರಿಸಿದರು. ಆ ಮೇ ತಿಂಗಳಲ್ಲಿ ವೈದ್ಯರು ಪಾರ್ಕಿನ್ಸನ್ ಎಂದರು. ಆಗಸ್ಟ್ 11ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮಿದುಳಿನ ತುಂಬ ನೆನಪು, ಯೋಚನೆ, ಚಲನೆಗಳನ್ನು ಕೆಡಿಸುವ ಲೂಯಿ ಬಾಡಿ ಕಾಯಿಲೆ ಹರಡಿತ್ತೆಂಬುದು ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಖಿನ್ನತೆ ಆ ಕಾಯಿಲೆಯ ಹತ್ತಾರು ಲಕ್ಷಣಗಳಲ್ಲಿ ಒಂದು ಮಾತ್ರವಾಗಿತ್ತು ಎಂದು ಅವರ ಪತ್ನಿ ಸೂಸನ್ ಆಮೇಲೆ ವಿವರಿಸಿದರು. ಗಂಡ ಪಟ್ಟ ಪಾಡನ್ನು 2016ರಲ್ಲಿ ನರರೋಗ ವೈದ್ಯರ ಪತ್ರಿಕೆಯಲ್ಲಿಯೇ ಬರೆದರು.